ಕಾಫಿ ದುಡ್ಡು, ಹೋಂಸ್ಟೇ ದುಡ್ಡು, ಒಂದೇ ಖಾತೆ: ಕೊಡಗಿನ ಸಣ್ಣ ಉದ್ಯಮಿಯ ತೆರಿಗೆ ಲೆಕ್ಕ ಎಲ್ಲಿ ತಪ್ಪುತ್ತದೆ?

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ಯುಪಿಐ ಮೂಲಕ ಖಾತೆಗೆ ಬಂದ ಹಣವನ್ನು ನೋಡಿ, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ್ದೀರಿ, ಬಾಕಿ ತೆರಿಗೆ ಕಟ್ಟಿ ಎಂಬುದು ಅದರ ಸಾರ. ಬೇಕರಿ, ತರಕಾರಿ ಅಂಗಡಿ, ಹಾಲಿನ ಬೂತುಗಳಲ್ಲಿ ಕ್ಯೂಆರ್ ಹಾಳೆಗಳು ಮರೆಯಾಗಿ 'ನಗದು ಮಾತ್ರ' ಎಂಬ ಚೀಟಿಗಳು ಬಂದವು. ಜುಲೈ 25ಕ್ಕೆ ಬಂದ್ ಕರೆ ಇತ್ತು. ಅದಕ್ಕೂ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದರು. ತೆರಿಗೆ ಇಲ್ಲದ ಸರಕು ಮಾರುವವರನ್ನು ಬಿಡುತ್ತೇವೆ, ಉಳಿದವರು ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ ಎಂಬ ಭರವಸೆ ಸಿಕ್ಕಿತು.

ಗಲಾಟೆ ತಣ್ಣಗಾಯಿತು, ಗೊಂದಲ ಉಳಿಯಿತು. ಕೊಡಗಿನಲ್ಲಿ ಅದಕ್ಕೆ ಬೇರೆಯೇ ಬಣ್ಣವಿದೆ. ಇಲ್ಲಿ ಒಂದೇ ಮನೆಗೆ ಜನವರಿಯಿಂದ ಕಾಫಿ ದುಡ್ಡು ಬರುತ್ತದೆ, ಹಿಂದೆಯೇ ಕರಿಮೆಣಸಿನದು, ವಾರಾಂತ್ಯಗಳಲ್ಲಿ ಹೋಂಸ್ಟೇಯದು. ಕೆಲವರಿಗೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಒಂದು ಅಂಗಡಿಯೂ ಇರುತ್ತದೆ. ಎಲ್ಲವೂ ಬೀಳುವುದು ಒಂದೇ ಉಳಿತಾಯ ಖಾತೆಗೆ. ಕಾನೂನು ಮಾತ್ರ ಈ ಒಂದೊಂದು ದುಡ್ಡಿಗೂ ಒಂದೊಂದು ಲೆಕ್ಕ ಇಟ್ಟಿದೆ. ತೊಂದರೆಯ ಬೇರು ಇರುವುದು ಈ ಬೆರಕೆಯಲ್ಲಿ. ಯುಪಿಐ ಅದನ್ನು ಬಯಲಿಗೆ ತಂದಿತು, ಅಷ್ಟೇ.

ವಹಿವಾಟು ಬೇರೆ, ಆದಾಯ ಬೇರೆ

ಜಿಎಸ್‌ಟಿ ನೋಡುವುದು ವಹಿವಾಟನ್ನು, ಅಂದರೆ ಮಾರಾಟದ ಒಟ್ಟು ಮೊತ್ತವನ್ನು. ಆದಾಯ ತೆರಿಗೆ ನೋಡುವುದು ಖರ್ಚು ಕಳೆದು ಉಳಿದ ಲಾಭವನ್ನು. ಈ ಎರಡನ್ನೂ ಒಂದೇ ಎಂದುಕೊಂಡಿದ್ದರಿಂದಲೇ 'ನನಗೆ ಲಾಭವೇ ಇಲ್ಲ, ನೋಟಿಸ್ ಯಾಕೆ?' ಎಂಬ ಪ್ರಶ್ನೆ ಎದ್ದಿತು.

ವರ್ಷಕ್ಕೆ 60 ಲಕ್ಷ ರೂಪಾಯಿ ವಹಿವಾಟು ಮಾಡುವ ದಿನಸಿ-ಸಾಂಬಾರ ಪದಾರ್ಥಗಳ ಅಂಗಡಿಯನ್ನು ತೆಗೆದುಕೊಳ್ಳಿ. ಆದಾಯ ತೆರಿಗೆಯ ಅಂದಾಜು ಲಾಭ ಪದ್ಧತಿಯಲ್ಲಿ (1961ರ ಕಾಯ್ದೆಯ ಸೆಕ್ಷನ್ 44ಎಡಿ) ನಗದು ಮಾರಾಟದ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ ಶೇ 6 ಲಾಭವೆಂದು ತೋರಿಸಿದರೆ ಸಾಕು. ಪೂರ್ತಿ ನಗದಾದರೆ ಲಾಭ 4.8 ಲಕ್ಷ, ಪೂರ್ತಿ ಯುಪಿಐ ಆದರೆ 3.6 ಲಕ್ಷ. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. 2025-26ರ ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಆತ ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ಅದೇ ಅಂಗಡಿ ಜಿಎಸ್‌ಟಿಯ 40 ಲಕ್ಷದ ಮಿತಿಯನ್ನು ಮಾತ್ರ ಯಾವಾಗಲೋ ದಾಟಿದೆ. ಲಾಭ ಎಷ್ಟೇ ಕಡಿಮೆಯಿರಲಿ, ನೋಂದಣಿ ಕಡ್ಡಾಯ.

ಯುಪಿಐ ಬಿಟ್ಟು ನಗದಿಗೆ ಮರಳುವುದು ನಷ್ಟದ ದಾರಿ ಎನ್ನುವುದೂ ಇದರಲ್ಲೇ ಕಾಣುತ್ತದೆ. ಶೇ 6ರ ಅನುಕೂಲ ತಪ್ಪುತ್ತದೆ. ನಗದು ಶೇ 5ರೊಳಗಿದ್ದರೆ 44ಎಡಿಯ ಮಿತಿ 2 ಕೋಟಿಯಿಂದ 3 ಕೋಟಿಗೆ ಏರುವುದೂ ಕೈಬಿಡುತ್ತದೆ. ಜಿಎಸ್‌ಟಿ ಹೊಣೆಯೇನೂ ಹೋಗುವುದಿಲ್ಲ. ಸಗಟು ವ್ಯಾಪಾರಿಯ ಬಿಲ್ಲುಗಳಲ್ಲಿ ನಿಮ್ಮ ಖರೀದಿ ದಾಖಲಾಗಿಯೇ ಇರುತ್ತದೆ.

20 ಲಕ್ಷವೋ, 40 ಲಕ್ಷವೋ?

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ಸೇವೆ ಕೊಡುವವರಿಗೆ 20 ಲಕ್ಷ. ಹೋಂಸ್ಟೇ, ಊಟದ ಹೋಟೆಲ್, ವರ್ಕ್‌ಶಾಪ್, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು, ಎಲ್ಲವೂ ಸೇವೆ. ತೋಟಕ್ಕೆ ಕೂಲಿಯಾಳುಗಳನ್ನು ಒದಗಿಸುವುದೂ ಸೇವೆಯೇ, ಆದರೆ ಕೃಷಿ ಕೆಲಸದ ಆಳುಗಳ ಪೂರೈಕೆಗೆ ತೆರಿಗೆ ವಿನಾಯಿತಿ ಇದೆ.

ಜನ ಎಡವುವುದು 'ಮಾತ್ರ' ಎಂಬ ಪದದಲ್ಲಿ. ವಿರಾಜಪೇಟೆಯ ಒಬ್ಬ ವ್ಯಾಪಾರಿ ಅಂಗಡಿಯಲ್ಲಿ 30 ಲಕ್ಷದ ಸರಕು ಮಾರಿ, ಮಹಡಿಯನ್ನು ಕಚೇರಿಯೊಂದಕ್ಕೆ ಬಾಡಿಗೆ ಕೊಟ್ಟಿದ್ದರೆ, ಬಾಡಿಗೆಯೂ ಸೇವೆ. ಆತ ಈಗ ಸರಕು ಮಾತ್ರ ಮಾರುವವನಲ್ಲ. ಮಿತಿ 20 ಲಕ್ಷಕ್ಕೆ ಇಳಿಯುತ್ತದೆ, ಆತ ಅದನ್ನು ಆಗಲೇ ದಾಟಿದ್ದಾನೆ. ಠೇವಣಿ ಬಡ್ಡಿಗೆ ಮಾತ್ರ ಈ ತೊಡಕಿಲ್ಲ. ಮಿತಿ ಲೆಕ್ಕ ಹಾಕುವುದು ಅಂಗಡಿವಾರು ಅಲ್ಲ, ಪ್ಯಾನ್‌ವಾರು. ಮಡಿಕೇರಿಯಲ್ಲೊಂದು, ಸೋಮವಾರಪೇಟೆಯಲ್ಲೊಂದು ಅಂಗಡಿ ಒಬ್ಬರದೇ ಹೆಸರಿನಲ್ಲಿದ್ದರೆ ಎರಡನ್ನೂ ಕೂಡಿಸಬೇಕು.

ಇನ್ನೊಂದು ಗುಂಡಿ ಕೊರಿಯರ್ ವ್ಯಾಪಾರದ್ದು. ಮನೆಯಲ್ಲಿ ಹುರಿದು ಪುಡಿ ಮಾಡಿದ ಕಾಫಿಯನ್ನು ಮೊಬೈಲಿನಲ್ಲೇ ಆರ್ಡರ್ ಪಡೆದು ಚೆನ್ನೈ, ಹೈದರಾಬಾದ್, ಕೊಚ್ಚಿಗೆ ಕಳುಹಿಸುವವರು ಈಗ ಬಹಳ. ಹೊರರಾಜ್ಯಕ್ಕೆ ತೆರಿಗೆಯುಳ್ಳ ಸರಕು ಮಾರಿದರೆ 40 ಲಕ್ಷದ ಮಿತಿ ಅನ್ವಯಿಸುವುದೇ ಇಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಹುರಿದ ಕಾಫಿಗೆ ಶೇ 5 ತೆರಿಗೆ ಇದೆ. ಹುರಿಯದ ಕಾಫಿ ಬೀಜಕ್ಕೆ ಇಲ್ಲ. ವರ್ಷಕ್ಕೆ 3 ಲಕ್ಷದ ಪುಡಿ ಮಾರುವ ಮನೆಯವರಿಗೂ ಈ ನಿಯಮ ಅನ್ವಯಿಸುತ್ತದೆ ಎಂಬುದು ಕಠಿಣವೇ, ಆದರೆ ಈಗಿರುವ ಕಾನೂನು ಅದು.

ಬೆಳೆಗಾರನಿಗೆ ಕೊಟ್ಟ ವಿನಾಯಿತಿ ಎಷ್ಟು ದೂರ?

ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 23ರ ಪ್ರಕಾರ, ತನ್ನ ಭೂಮಿಯಲ್ಲಿ ಬೆಳೆದದ್ದನ್ನು ಮಾರುವ ಮಟ್ಟಿಗೆ ಕೃಷಿಕ ನೋಂದಣಿ ಮಾಡಿಸಬೇಕಿಲ್ಲ. ಮಿತಿ 40 ಲಕ್ಷ ದಾಟಿದರೂ, ಹೊರರಾಜ್ಯಕ್ಕೆ ಮಾರಿದರೂ ಇಲ್ಲ. ಕರಿಮೆಣಸಿಗೆ ಶೇ 5 ತೆರಿಗೆ ಇರುವುದರಿಂದ ಬೆಳೆಗಾರನೂ ಕಟ್ಟಬೇಕೇ ಎಂಬ ವಿವಾದ ಎದ್ದಿತ್ತು. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ 55ನೇ ಜಿಎಸ್‌ಟಿ ಮಂಡಳಿ ಸಭೆ ಅದಕ್ಕೆ ತೆರೆ ಎಳೆಯಿತು: ಹಸಿಯಿರಲಿ, ಒಣಗಿಸಿದ್ದಿರಲಿ, ಕೃಷಿಕ ತಾನೇ ಮಾರಿದ ಮೆಣಸಿಗೆ ಜಿಎಸ್‌ಟಿ ಇಲ್ಲ. ಅವನಿಂದ ಕೊಂಡು ಮಾರುವ ವ್ಯಾಪಾರಿಗೆ ಇದೆ.

ಆದರೆ ಕಾಯ್ದೆಯ 'ಕೃಷಿಕ' ಯಾರು? ಒಬ್ಬ ವ್ಯಕ್ತಿ, ಇಲ್ಲವೇ ಹಿಂದೂ ಅವಿಭಕ್ತ ಕುಟುಂಬ. ಸ್ವಂತ ದುಡಿಮೆಯಿಂದ, ಮನೆಯವರ ದುಡಿಮೆಯಿಂದ, ಅಥವಾ ತಾನೇ ನಿಂತು ನೋಡಿಕೊಂಡು ಕೂಲಿಯಾಳುಗಳಿಂದ ಸಾಗುವಳಿ ಮಾಡಿಸುವವರು. ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿರುವ ತೋಟ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಣ್ಣತಮ್ಮಂದಿರು ಪಾಲುದಾರಿಕೆ ಪತ್ರ ಮಾಡಿಕೊಂಡು ತೋಟ ನಡೆಸುತ್ತಿದ್ದರೆ, ಅವರು ಮಾರುವ ಮೆಣಸಿಗೆ ಈ ರಕ್ಷಣೆ ಇಲ್ಲ. ಬರೀ ಕಾಫಿ ಬೀಜವಾದರೆ ಚಿಂತೆಯಿಲ್ಲ, ಅದಕ್ಕೆ ತೆರಿಗೆಯೇ ಇಲ್ಲ.

ತೋಟದ ಜೊತೆ ಹೋಂಸ್ಟೇ ಇದ್ದರೆ

ಕೊಡಗಿನ ಮಟ್ಟಿಗೆ ಅತಿ ಕಗ್ಗಂಟಾದ ಪ್ರಶ್ನೆ ಇದೇ. ಒಬ್ಬರದೇ ಪ್ಯಾನ್‌ನಲ್ಲಿ ಕಾಫಿ ಮಾರಾಟ 28 ಲಕ್ಷ, ಮೆಣಸು 6 ಲಕ್ಷ, ಹೋಂಸ್ಟೇ 7 ಲಕ್ಷ ಎಂದಿಟ್ಟುಕೊಳ್ಳಿ. ಹೋಂಸ್ಟೇಯೊಂದನ್ನೇ ನೋಡಿದರೆ 20 ಲಕ್ಷದ ಹತ್ತಿರಕ್ಕೂ ಇಲ್ಲ. ಒಟ್ಟು ಕೂಡಿಸಿದರೆ 41 ಲಕ್ಷ.

ಒಂದು ವಾದ ಹೀಗಿದೆ: 'ಒಟ್ಟು ವಹಿವಾಟು' ಎಂಬುದರ ವ್ಯಾಖ್ಯೆಯಲ್ಲಿ ತೆರಿಗೆಯುಳ್ಳ ಮಾರಾಟದ ಜೊತೆಗೆ ವಿನಾಯಿತಿ ಇರುವ ಮಾರಾಟವನ್ನೂ ಸೇರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಕಾಫಿ ಬೀಜಕ್ಕೆ ತೆರಿಗೆ ಇಲ್ಲದಿದ್ದರೂ ಅದು ವಹಿವಾಟೇ. ಹೋಂಸ್ಟೇ ಎಂಬ ತೆರಿಗೆಯುಳ್ಳ ಸೇವೆ ಇರುವುದರಿಂದ ಮಿತಿ 20 ಲಕ್ಷ, ಅದು ದಾಟಿದೆ, ಆದ್ದರಿಂದ ನೋಂದಣಿ ಬೇಕು.

ಎದುರು ವಾದ ಸೆಕ್ಷನ್ 23ರ 'ಆ ಮಟ್ಟಿಗೆ' ಎಂಬ ಮಾತನ್ನು ಹಿಡಿಯುತ್ತದೆ. ಕೃಷಿ ಉತ್ಪನ್ನದ ಮಟ್ಟಿಗೆ ಆತನನ್ನು ನೋಂದಣಿಯ ಕಟ್ಟಿನಿಂದ ಹೊರಗಿಟ್ಟ ಮೇಲೆ, ಅದೇ ಮೊತ್ತವನ್ನು ಹಿಂಬಾಗಿಲಿನಿಂದ ಮಿತಿಗೆ ಸೇರಿಸುವುದು ವಿನಾಯಿತಿಯ ಉದ್ದೇಶವನ್ನೇ ಮುರಿಯುತ್ತದೆ. ತೋಟವಿಲ್ಲದ ನೆರೆಯವನು 19 ಲಕ್ಷದ ಹೋಂಸ್ಟೇ ನಡೆಸಿಯೂ ಹೊರಗಿರಬಹುದು, ತೋಟವಿರುವವನು 7 ಲಕ್ಷಕ್ಕೇ ಒಳಗೆ ಬರಬೇಕೇ?

ನ್ಯಾಯದ ದೃಷ್ಟಿಯಿಂದ ಎರಡನೆಯದು ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೆ ಅಕ್ಷರಶಃ ಓದಿದಾಗ ಮೊದಲನೆಯದು ಗಟ್ಟಿ, ಅಧಿಕಾರಿ ಮೊದಲು ಹಿಡಿಯುವುದೂ ಅದನ್ನೇ. ಕೂಡಿಸಿದ ಮೊತ್ತ 20 ಲಕ್ಷ ದಾಟುವವರು ಬಾಯಿಮಾತಿನ ಸಲಹೆಗೆ ನಿಲ್ಲದೆ ಲೆಕ್ಕ ಪರಿಶೋಧಕರಿಂದ ಲಿಖಿತ ಅಭಿಪ್ರಾಯ ಪಡೆಯಬೇಕು. ಮೊತ್ತ ದೊಡ್ಡದಿದ್ದರೆ, ತೆರಿಗೆ ಹೊಣೆ ಇದೆಯೇ ಎಂದು ಮೊದಲೇ ತೀರ್ಮಾನಿಸಿ ಹೇಳುವ ಜಿಎಸ್‌ಟಿಯ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಶುಲ್ಕ ಕೇಂದ್ರ ಮತ್ತು ರಾಜ್ಯದ ಪಾಲಿಗೆ ತಲಾ 5,000 ರೂಪಾಯಿ. ಆ ತೀರ್ಪು ಅರ್ಜಿದಾರನಿಗೆ ಮತ್ತು ಅವನ ವ್ಯಾಪ್ತಿಯ ಅಧಿಕಾರಿಗೆ ಮಾತ್ರ ಬದ್ಧ. ಪಕ್ಕದ ಊರಿನವರಿಗೆ ಸಿಕ್ಕ ತೀರ್ಪು ನಿಮ್ಮನ್ನು ಕಾಯುವುದಿಲ್ಲ.

'ಗೊಂದಲವೇ ಬೇಡ, ನೋಂದಣಿ ಮಾಡಿಸಿಬಿಡೋಣ' ಎನ್ನುವವರಿಗೆ ಈಗ ಒಂದು ಅನುಕೂಲವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆ ಬಾಡಿಗೆಯ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದನ್ನು ಅತಿಥಿಯಿಂದ ಪಡೆದು ಕಟ್ಟಬಹುದು. ಆದರೆ ಹಾಸಿಗೆ, ಗೀಸರ್, ಪೇಂಟ್ ಕೊಂಡಾಗ ತೆತ್ತ ಜಿಎಸ್‌ಟಿಯನ್ನು ಇದರಲ್ಲಿ ಕಳೆಯಲು ಬರುವುದಿಲ್ಲ. 50 ಲಕ್ಷದೊಳಗಿನ ಸೇವೆಗಳಿಗಿರುವ ಕಾಂಪೊಸಿಷನ್ ಪದ್ಧತಿ (ವಹಿವಾಟಿನ ಮೇಲೆ ಒಂದೇ ದರದಲ್ಲಿ ಕಟ್ಟುವ ಸರಳ ಪದ್ಧತಿ) ಹಗುರ ಎಂಬ ನಂಬಿಕೆ ಹೋಂಸ್ಟೇ ಮಟ್ಟಿಗೆ ಈಗ ತಪ್ಪು. ಅದರಲ್ಲಿ ದರ ಶೇ 6, ಅದನ್ನು ಅತಿಥಿಯಿಂದ ಪಡೆಯುವಂತಿಲ್ಲ, ಕೈಯಿಂದಲೇ ಹೋಗುತ್ತದೆ. ಮಾಮೂಲಿ ನೋಂದಣಿಯಲ್ಲಿ ಮೂರು ತಿಂಗಳಿಗೊಮ್ಮೆ ರಿಟರ್ನ್, ತಿಂಗಳಿಗೊಮ್ಮೆ ಪಾವತಿ ಆಯ್ದುಕೊಳ್ಳಬಹುದು.

ಇಲ್ಲೊಂದು ಮುಳ್ಳೂ ಇದೆ, ಬಹಳ ಮಂದಿ ಅದನ್ನು ನೋಡದೆ ಮುನ್ನಡೆಯುತ್ತಾರೆ. ಅದೇ ಪ್ಯಾನ್‌ನಲ್ಲಿ ನೋಂದಣಿಯಾದ ಮೇಲೆ ನೀವು 'ನೋಂದಾಯಿತ ವ್ಯಕ್ತಿ'. ನಿಮ್ಮ ಮೆಣಸಿಗಿದ್ದ ರಕ್ಷಣೆ ನಿಂತಿದ್ದು ನೋಂದಣಿ ಬೇಕಿಲ್ಲ ಎಂಬುದರ ಮೇಲೆ. ಹಾಗಾಗಿ ಆ 6 ಲಕ್ಷದ ಮೆಣಸಿಗೂ ಶೇ 5, ಅಂದರೆ 30,000 ರೂಪಾಯಿ ಕಟ್ಟಿ ಎಂದು ಇಲಾಖೆ ಕೇಳಬಹುದು. ಕೊಳ್ಳುವವರು ನೋಂದಾಯಿತ ವ್ಯಾಪಾರಿಯಾದರೆ ಬಿಲ್ಲಿನಲ್ಲಿ ತೆರಿಗೆ ಸೇರಿಸಿ ಪಡೆಯಬಹುದು, ಅವರು ಅದನ್ನು ತಮ್ಮ ಲೆಕ್ಕದಲ್ಲಿ ಜಮೆ ಮಾಡಿಕೊಳ್ಳುತ್ತಾರೆ. ಬೆಲೆ ಮಾತಾಡುವ ಮುನ್ನವೇ ಇದನ್ನು ಹೇಳಿರಬೇಕು, ಸರಕು ತೂಗಿದ ಮೇಲೆ ಯಾರೂ ಒಪ್ಪುವುದಿಲ್ಲ.

ತೋಟ ಒಬ್ಬರ ಹೆಸರಿನಲ್ಲಿ, ಹೋಂಸ್ಟೇ ಮನೆಯ ಇನ್ನೊಬ್ಬರ ಹೆಸರಿನಲ್ಲಿ ಇದ್ದರೆ ಪ್ಯಾನ್ ಬೇರೆಯಾಗುವುದರಿಂದ ಈ ಬೆರಕೆ ತಪ್ಪುತ್ತದೆ. ಅದು ಕಾಗದದ ಮೇಲಿನ ಏರ್ಪಾಟಾಗಿರಬಾರದು. ಹೋಂಸ್ಟೇ ಪರವಾನಗಿ, ವಿದ್ಯುತ್ ಬಿಲ್ಲು, ಬುಕಿಂಗ್, ಬ್ಯಾಂಕ್ ಖಾತೆ ಎಲ್ಲವೂ ನಿಜವಾಗಿ ನಡೆಸುವವರ ಹೆಸರಿನಲ್ಲೇ ಇರಬೇಕು. ಗಂಡ ದುಡ್ಡು ಹಾಕಿ ಹೆಂಡತಿಯ ಹೆಸರಿನಲ್ಲಿ ನಡೆಸಿದರೆ ಆದಾಯ ತೆರಿಗೆಯಲ್ಲಿ ಆ ಲಾಭವನ್ನು ಹೂಡಿಕೆಯ ಪ್ರಮಾಣಕ್ಕೆ ತಕ್ಕಂತೆ ಗಂಡನ ಆದಾಯಕ್ಕೇ ಸೇರಿಸುತ್ತಾರೆ.

ಬುಕಿಂಗ್ ಆ್ಯಪ್‌ಗಳ ಮೂಲಕ ಬರುವ ಅತಿಥಿಗಳ ವಿಷಯ ಬೇರೆ. ಹೋಂಸ್ಟೇಯವರಿಗೆ ನೋಂದಣಿಯ ಹೊಣೆ ಇಲ್ಲದಿದ್ದರೆ ಆ ಬುಕಿಂಗ್‌ನ ಜಿಎಸ್‌ಟಿಯನ್ನು ಆ್ಯಪ್ ಕಂಪನಿಯೇ ಕಟ್ಟಬೇಕು. ಹಾಗೆಂದು ಆ ಮೊತ್ತ ನಿಮ್ಮ ವಹಿವಾಟಿನಿಂದ ಮಾಯವಾಗುವುದಿಲ್ಲ.

ಆದಾಯ ತೆರಿಗೆಯಲ್ಲಿ ಕಾಫಿಯ ಗೆರೆ

ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಾಫಿಗೆ ಮಾತ್ರ ಅದರೊಳಗೊಂದು ಗೆರೆಯಿದೆ. ಚೆರಿಯಾಗಿಯೋ (ಹಣ್ಣನ್ನೇ ಒಣಗಿಸಿದ್ದು) ಪಾರ್ಚ್‌ಮೆಂಟ್ ಆಗಿಯೋ (ತಿರುಳು ತೆಗೆದು ಒಣಗಿಸಿದ್ದು) ಮಾರಿದರೆ ಪೂರ್ತಿ ಕೃಷಿ ಆದಾಯ. ತಾನೇ ಕ್ಯೂರಿಂಗ್ ಮಾಡಿಸಿ ಮಾರಿದರೆ ನಿವ್ವಳ ಆದಾಯದ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆಸಿದರೂ ಬೆರೆಸದಿದ್ದರೂ, ಶೇ 40. 1962ರ ನಿಯಮಾವಳಿಯ 7ಬಿ ನಿಯಮ ಇದು. ಪಲ್ಪಿಂಗ್ ಮಾಡಿ ಕಣದಲ್ಲಿ ಒಣಗಿಸುವುದು ಕ್ಯೂರಿಂಗ್ ಅಲ್ಲ. 1942ರ ಕಾಫಿ ಕಾಯ್ದೆ ಪಲ್ಪಿಂಗ್ ಬಿಟ್ಟು ಉಳಿದ ಯಾಂತ್ರಿಕ ಸಂಸ್ಕರಣೆಯನ್ನಷ್ಟೇ ಕ್ಯೂರಿಂಗ್ ಎನ್ನುತ್ತದೆ. ನಿವ್ವಳ ಆದಾಯ 8 ಲಕ್ಷವಿದ್ದರೆ, ಕ್ಯೂರಿಂಗ್ ಮಾಡಿಸಿ ಮಾರಿದಾಗ 2 ಲಕ್ಷ ತೆರಿಗೆಗೆ ಒಳಪಡುವ ಆದಾಯ, ಪುಡಿ ಮಾಡಿ ಮಾರಿದಾಗ 3.2 ಲಕ್ಷ.

ಹೋಂಸ್ಟೇ ತೋಟದ ನಡುವೆಯೇ ಇದ್ದರೂ ಅದರ ಆದಾಯ ಕೃಷಿಯದಲ್ಲ. ತೋಟದ ಲೆಕ್ಕದಲ್ಲಿ ಅದನ್ನು ಸೇರಿಸಿಬಿಡುವುದು ಕೊಡಗಿನಲ್ಲಿ ಬಹಳ ಕಾಣುವ ತಪ್ಪು. ಬುಕಿಂಗ್ ಆ್ಯಪ್‌ಗಳು ಕೊಡುವ ಹಣ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನಿಮ್ಮ ಪ್ಯಾನ್ ಎದುರು ಕಾಣಿಸಬಹುದು, ಆಗ ರಿಟರ್ನ್‌ನೊಂದಿಗೆ ಹೊಂದುವುದಿಲ್ಲ.

ತೆರಿಗೆಯಿಲ್ಲದ ಕೃಷಿ ಆದಾಯ ಇತರ ಆದಾಯದ ದರವನ್ನು ಏರಿಸುವ ಬಗೆಯೂ ತಿಳಿದಿರಬೇಕು. ಹೋಂಸ್ಟೇ ಮತ್ತು ಅಂಗಡಿಯ ಲಾಭ 13 ಲಕ್ಷ, ಕೃಷಿ ಆದಾಯ 10 ಲಕ್ಷ ಎನ್ನೋಣ. ಮೊದಲು 23 ಲಕ್ಷಕ್ಕೆ ತೆರಿಗೆ ಲೆಕ್ಕ ಹಾಕಿನೋಡಬೇಕು: ಹೊಸ ಪದ್ಧತಿಯಲ್ಲಿ 2,75,000. ಬಳಿಕ ಕೃಷಿ ಆದಾಯಕ್ಕೆ 4 ಲಕ್ಷದ ಮೂಲ ಮಿತಿ ಸೇರಿಸಿ 14 ಲಕ್ಷಕ್ಕೆ: 90,000. ವ್ಯತ್ಯಾಸ 1,85,000. 12 ಲಕ್ಷವನ್ನು ಸ್ವಲ್ಪ ದಾಟಿದವರಿಗೆ ಸಿಗಬಹುದಾದ ರಿಯಾಯಿತಿಯನ್ನು ಬಿಟ್ಟರೆ ಅದೇ ಕಟ್ಟಬೇಕಾದ ತೆರಿಗೆ, ಮೇಲೆ ಶೇ 4 ಸೆಸ್. ಕೃಷಿ ಆದಾಯ ಇಲ್ಲದಿದ್ದರೆ ಅದೇ 13 ಲಕ್ಷಕ್ಕೆ 75,000 ಸಾಕಿತ್ತು. ಕೃಷಿಯೇತರ ಆದಾಯ 12 ಲಕ್ಷದೊಳಗಿದ್ದರೆ 60,000ದವರೆಗಿನ ರಿಯಾಯಿತಿ ಈ ಹೊರೆಯನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. 

ಫಾರಂ ಆಯ್ಕೆಯಲ್ಲೂ ಎಡವುತ್ತಾರೆ. ಅಂದಾಜು ಲಾಭ ಪದ್ಧತಿಯವರಿಗೆ ಇರುವ ಸರಳ ಫಾರಂ ಐಟಿಆರ್-4. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಅದನ್ನು ಬಳಸುವಂತಿಲ್ಲ. ಹೋಂಸ್ಟೇ ಇರುವ ಬೆಳೆಗಾರ ತುಂಬಬೇಕಾದದ್ದು ಐಟಿಆರ್-3. ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಕೊಡಬೇಕು. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. 2025-26ರ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ರಿಟರ್ನ್ ಸಲ್ಲಿಸದೇ ಇರುವ ಬೆಳೆಗಾರರಿಗೆ ಇನ್ನೊಂದು ಮಾತು. ಹಳೆಯ ಕಾಯ್ದೆಯಡಿ, ಕೂಲಿ ಬಟವಾಡೆಗೆಂದು ವರ್ಷಕ್ಕೆ 20 ಲಕ್ಷಕ್ಕಿಂತ ಹೆಚ್ಚು ನಗದು ತೆಗೆದರೆ, ಹಿಂದಿನ ಮೂರು ವರ್ಷ ರಿಟರ್ನ್ ಇಲ್ಲದವರಿಂದ ಬ್ಯಾಂಕು ಮೇಲಿನ ಮೊತ್ತದ ಶೇ 2 ಮುರಿದುಕೊಳ್ಳುತ್ತಿತ್ತು. ತೆರಿಗೆ ಇಲ್ಲದಿದ್ದರೂ ರಿಟರ್ನ್ ಹಾಕಿದವರಿಗೆ ಈ ಮಿತಿ 1 ಕೋಟಿ ಇತ್ತು.

ನೋಟಿಸ್ ಬಂದರೆ

ಮೊದಲು ದಿನಾಂಕ ನೋಡಿ. ಉತ್ತರದ ಗಡುವು ಮೀರಿದರೆ ಇಲಾಖೆ ತನಗೆ ತೋಚಿದ ಅಂದಾಜಿನಲ್ಲೇ ಆದೇಶ ಮಾಡುತ್ತದೆ. ಇಲಾಖೆಯ ಬಳಿ ಇರುವುದು ಖಾತೆಗೆ ಬಂದ ಮೊತ್ತ ಮಾತ್ರ, ಅದು ಯಾವುದರದ್ದು ಎಂಬುದಲ್ಲ. ಅದನ್ನು ತೋರಿಸುವ ಹೊಣೆ ಖಾತೆದಾರನ ಮೇಲೆ ಬೀಳುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಪ್ರತಿ ಜಮೆಯ ಎದುರು ಮೂಲ ಬರೆಯಿರಿ: ಕಾಫಿ, ಮೆಣಸು, ಕೋಣೆ ಬಾಡಿಗೆ, ಅಂಗಡಿ, ಸಾಲ, ಕೈಗಡ ವಾಪಸು, ಮಕ್ಕಳು ಕಳುಹಿಸಿದ್ದು, ಚೀಟಿ ದುಡ್ಡು. ಕೊನೆಯ ನಾಲ್ಕು ವಹಿವಾಟೇ ಅಲ್ಲ.

ಕಾಫಿ, ಮೆಣಸಿನ ಜಮೆಗೆ ವ್ಯಾಪಾರಿಯ ಖರೀದಿ ಬಿಲ್ಲು, ತೂಕದ ಚೀಟಿ, ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿ (ಕೊಟ್ಟ ಕಾಫಿಯಿಂದ ಎಷ್ಟು ಬೀಜ ಬಂತೆಂಬ ಲೆಕ್ಕ) ಜೋಡಿಸಬೇಕು. ಪಹಣಿಯೂ ಬೇಕು. ಇಲ್ಲಿ ಕೊಡಗಿನದ್ದೇ ಒಂದು ಅಡ್ಡಿ ಬರುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿ ಒಕ್ಕದ (ಕೊಡವ ಮನೆತನದ) ಹಿರಿಯ ಪಟ್ಟೆದಾರರ ಹೆಸರಿನಲ್ಲಿ ಇರುತ್ತದೆ, ಕಾಫಿ ದುಡ್ಡು ಬೀಳುವುದು ಸಾಗುವಳಿ ಮಾಡುವ ಕಿರಿಯರ ಖಾತೆಗೆ. ಪಹಣಿಯಲ್ಲಿ ಹೆಸರಿಲ್ಲದವನ ಖಾತೆಯ 25 ಲಕ್ಷ ಕೃಷಿಯದೆಂದು ಅಧಿಕಾರಿ ಸುಮ್ಮನೆ ನಂಬುವುದಿಲ್ಲ. ಕುಟುಂಬದೊಳಗಿನ ಪಾಲಿನ ಕರಾರು, ಯಾರು ಯಾವ ಭಾಗ ಸಾಗುವಳಿ ಮಾಡುತ್ತಾರೆ ಎಂಬ ಒಪ್ಪಂದ, ಗೊಬ್ಬರದ ಬಿಲ್ಲು, ಕೂಲಿ ಪುಸ್ತಕ ಆಗ ಕೈಹಿಡಿಯುತ್ತವೆ. ನೋಟಿಸ್ ಬಂದ ಮೇಲೆ ಬರೆಸಿದ ಕಾಗದಕ್ಕೆ ಆ ತೂಕ ಇರುವುದಿಲ್ಲ.

ಮಿತಿ ನಿಜವಾಗಿಯೂ ದಾಟಿದೆ ಎಂದು ಲೆಕ್ಕ ತೋರಿಸಿದರೆ ತಡಮಾಡುವುದು ದುಬಾರಿ. ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಹಿಂದಿನ ಅವಧಿಯ ತೆರಿಗೆಯನ್ನು ಅಂದಿನ ಗ್ರಾಹಕರಿಂದ ಈಗ ಕೇಳಲು ಬರುವುದಿಲ್ಲ, ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಕಳೆಯುವುದೂ ಕಷ್ಟ. ಅದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ, ದಂಡ. 2025ರ ಜುಲೈನ ಭರವಸೆ ಆಗ ನೋಟಿಸ್ ಪಡೆದವರ ಸಂದರ್ಭದಲ್ಲಿ ಕೊಟ್ಟದ್ದು. ಅದರಿಂದ ಕಾಯ್ದೆಯ ಮಿತಿಯಾಗಲಿ ದರವಾಗಲಿ ಬದಲಾಗಿಲ್ಲ, ಅವನ್ನು ನಿರ್ಧರಿಸುವುದು ಕೇಂದ್ರ-ರಾಜ್ಯಗಳೆರಡೂ ಇರುವ ಜಿಎಸ್‌ಟಿ ಮಂಡಳಿ.

ಉತ್ತರವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಖುದ್ದು ವಿಚಾರಣೆ ಬೇಕೆಂದು ಅದರಲ್ಲೇ ಬರೆಯಿರಿ. ಆದರೂ ಆದೇಶ ವಿರುದ್ಧವಾದರೆ, ಅದು ತಲುಪಿದ ದಿನದಿಂದ 3 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಒಪ್ಪದ ತೆರಿಗೆಯ ಶೇ 10ನ್ನು ಮುಂಚಿತವಾಗಿ ಕಟ್ಟಿದರೆ ಉಳಿದ ಮೊತ್ತದ ವಸೂಲಿ ಮೇಲ್ಮನವಿ ಮುಗಿಯುವವರೆಗೆ ನಿಲ್ಲುತ್ತದೆ.